ಟ್ವಿನ್ಸ್‌ಯುಕೆ: ಅವಳಿಗಳ ನೋಂದಣಿಯ ಒಂದು ವಿಮರ್ಶೆ

ಲಂಡನ್ನಿನ ಕಿಂಗ್ಸ್ ಕಾಲೇಜು 1992ರಲ್ಲಿ ಆರಂಭಿಸಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನಡೆಸಿಕೊಂಡು ಬಂದಿರುವ ‘ಟ್ವಿನ್ಸ್‌ಯುಕೆ’ ಎಂಬ ಅವಳಿಗಳ ಸಂಶೋಧನಾ ನೋಂದಣಿಯನ್ನು ಪುಕ್ಕಟೆ ಆರೋಗ್ಯ ತಪಾಸಣೆ ಎಂದು ಭಾವಿಸಿ ಸೇರುವವರಿಗೆ ನಿರಾಶೆಯಾಗಬಹುದು, ಪ್ರಶ್ನಾವಳಿ ತುಂಬುವುದು, ರಕ್ತ ಕೊಡುವುದು, ಮೂಳೆಯ ಸಾಂದ್ರತೆ ಅಳೆಸಿಕೊಳ್ಳುವುದು ಇವೆಲ್ಲ ಮುಖ್ಯವಾಗಿ ಸಂಶೋಧನೆಗಾಗಿಯೇ ಇವೆ.

ಆ ದೃಷ್ಟಿಯಿಂದ ಇದರ ಬೆಲೆ ದೊಡ್ಡದು. ಏಕರೂಪ ಅವಳಿಗಳು ಹೆಚ್ಚುಕಡಿಮೆ ಎಲ್ಲ ವಂಶವಾಹಿಗಳನ್ನೂ, ಭಿನ್ನರೂಪ ಅವಳಿಗಳು ಸರಾಸರಿ ಅರ್ಧದಷ್ಟನ್ನೂ ಹಂಚಿಕೊಂಡಿರುವುದರಿಂದ, ಒಂದು ಕಾಯಿಲೆ ಮೊದಲ ಬಗೆಯ ಜೋಡಿಗಳಲ್ಲಿ ಎರಡನೆಯ ಬಗೆಯವಕ್ಕಿಂತ ಎಷ್ಟು ಹೆಚ್ಚಾಗಿ ಇಬ್ಬರಿಗೂ ತಗಲುತ್ತದೆ ಎಂಬುದನ್ನು ನೋಡಿ ಅದರಲ್ಲಿ ಅನುವಂಶೀಯತೆಯ ಪಾಲನ್ನು ಅಂದಾಜಿಸಬಹುದು. ಇಲ್ಲಿಯ ಅವಳಿಗಳು ಭಾಗವಹಿಸಿ 2020ರಲ್ಲಿ ಪ್ರಕಟವಾದ ‘ಪ್ರೆಡಿಕ್ಟ್’ ಅಧ್ಯಯನದಲ್ಲಿ, ಒಂದೇ ಬಗೆಯ ಊಟ ಮಾಡಿದ ಏಕರೂಪ ಅವಳಿಗಳ ರಕ್ತದಲ್ಲಿಯೂ ಸಕ್ಕರೆ ಮತ್ತು ಕೊಬ್ಬು ಬೇರೆ ಬೇರೆ ರೀತಿಯಲ್ಲಿ ಏರಿದ್ದು ಕಂಡುಬಂದಿತು. (ಅವಳಿಗಳಿರುವ ಮನೆಯ ಅಡುಗೆಯವರಿಗೆ ಇದು ಮೊದಲೇ ಗೊತ್ತಿತ್ತೇನೋ!)

ಕೊರತೆಯೂ ಇದೆ. ಮೂಳೆ ಸವೆತ, ಸಂಧಿವಾತಗಳ ಅಧ್ಯಯನಕ್ಕೆಂದು ಮಧ್ಯವಯಸ್ಸಿನ ಮಹಿಳೆಯರಿಂದ ಆರಂಭವಾದ ಕಾರಣ ಇಂದಿಗೂ ಇಲ್ಲಿ ಮಹಿಳೆಯರೇ, ಅದರಲ್ಲೂ ಯುರೋಪಿಯನ್ ಮೂಲದವರೇ ಬಹುಪಾಲು. ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಇಲ್ಲಿಯ ಫಲಿತಾಂಶಗಳನ್ನು ಹಾಗೆಯೇ ಅನ್ವಯಿಸಲು ನನಗೆ ಹಿಂಜರಿಕೆಯಿದೆ.