ಮಲೆನಾಡಿನ ತೋಟಕ್ಕೆ ವರುಣಮಿತ್ರ ಎಷ್ಟರಮಟ್ಟಿಗೆ ಆಧಾರ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರಿಗೆ ಜುಲೈ ತಿಂಗಳಲ್ಲಿ ಮಳೆ ಬರುತ್ತದೆಯೇ ಎಂಬುದು ಪ್ರಶ್ನೆಯೇ ಅಲ್ಲ. ಹೊಳವು, ಅಂದರೆ ಮಳೆಯ ನಡುವಿನ ಬಿಡುವು, ಯಾವಾಗ ಆಗುತ್ತದೆ, ಆದದ್ದು ಎಷ್ಟು ಹೊತ್ತು ಇರುತ್ತದೆ ಎಂಬುದೇ ಪ್ರಶ್ನೆ. ಕೊಳೆರೋಗಕ್ಕೆ ಔಷಧಿ ಹೊಡೆಸಬೇಕೆಂದರೆ ಮರ ಹತ್ತುವ ಕೊನೆಗಾರರಿಗೆ ಮೊದಲೇ ಹೇಳಿಟ್ಟಿರಬೇಕು, 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣದ ಲೆಕ್ಕದಲ್ಲಿ ಅಂದು ಕಲಸಿದ ಬೋರ್ಡೋ ದ್ರಾವಣ ಅಂದೇ ಮುಗಿಯಬೇಕು, ಹೊಡೆದದ್ದು ಗೊನೆಯ ಮೇಲೆ ಒಣಗುವವರೆಗೆ ಮಳೆ ತಡೆದಿರಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಯನ್ನು ನಾನು ಅಳೆಯುವುದು ಈ ಒಂದು ಕೆಲಸಕ್ಕೆ ಅದು ಎಷ್ಟು ಒದಗುತ್ತದೆ ಎಂಬುದರ ಮೇಲೆ.

1988ರಲ್ಲಿ ಬರ ಉಸ್ತುವಾರಿಗೆಂದು ಆರಂಭವಾದ ಈ ಕೇಂದ್ರ ಬೆಂಗಳೂರಿನ ಯಲಹಂಕದಲ್ಲಿದೆ. ಸಹಾಯವಾಣಿ ದಿನದ 24 ಗಂಟೆಯೂ ಕನ್ನಡದಲ್ಲಿ ಉತ್ತರಿಸುತ್ತದೆ. ಸ್ಮಾರ್ಟ್‌ಫೋನ್ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಇಂಟರ್‌ನೆಟ್ ಸಿಗಲು ಗುಡ್ಡ ಹತ್ತಬೇಕಾದ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿಯ ಹೆಸರು ಹೇಳಿದರೆ ಅಲ್ಲಿ ಬಿದ್ದ ಮಳೆಯ ಲೆಕ್ಕವನ್ನೂ ಮುಂದಿನ ದಿನಗಳ ಮುನ್ಸೂಚನೆಯನ್ನೂ ತಿಳಿಸುತ್ತಾರೆ.

ಈ ಸೇವೆಯ ನಿಜವಾದ ಬಲ ಮುನ್ಸೂಚನೆಗಿಂತ ಹೆಚ್ಚಾಗಿ ಆ ಬಿದ್ದ ಮಳೆಯ ಲೆಕ್ಕದಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹಬ್ಬಿರುವ ಸ್ವಯಂಚಾಲಿತ ಮಳೆಮಾಪಕಗಳಿಂದ ಈ ಮಾಹಿತಿ 15 ನಿಮಿಷಕ್ಕೊಮ್ಮೆ ಕೇಂದ್ರವನ್ನು ತಲುಪುತ್ತದೆ. ಸೌರಫಲಕ ಹೊತ್ತ ಆ ಮಾಪಕದ ಬಾಯಿಗೆ ಬಿದ್ದ ನೀರು ಒಳಗಿನ ಜೋಡಿ ಬಟ್ಟಲುಗಳಲ್ಲಿ ಒಂದಕ್ಕೆ ಇಳಿಯುತ್ತದೆ. ಅದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ, ಪ್ರತಿ ವಾಲಿಕೆಯೂ ಲೆಕ್ಕಕ್ಕೆ ಸೇರುತ್ತದೆ. ಮಳೆ ತೀರಾ ಬಿರುಸಾದಾಗ ಈ ಬಗೆಯ ಮಾಪಕ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಬಾಯಿಗೆ ತರಗೆಲೆ ಕಟ್ಟಿಕೊಂಡರೂ ಹಾಗೆಯೇ. ಆದರೂ ಹೊಸನಗರ ಪೇಟೆಯ ಸುತ್ತಮುತ್ತ ತೋಟವಿರುವವರು ತಮ್ಮ ಪಂಚಾಯಿತಿಯ ಜೊತೆಗೆ ಪಶ್ಚಿಮದ ನಗರ ಹೋಬಳಿಯ ಅಂಕಿಯನ್ನೂ, ತೀರ್ಥಹಳ್ಳಿಯವರು ಆಗುಂಬೆ ಹೋಬಳಿಯ ಅಂಕಿಯನ್ನೂ ಕೇಳಿಕೊಳ್ಳುವುದು ಲೇಸು. ಘಟ್ಟದ ಅಂಚಿನಲ್ಲಿ ಕಳೆದ ಕೆಲವು ಗಂಟೆಗಳಿಂದ ಮಳೆ ಇಳಿಮುಖವಾಗಿದ್ದರೆ ಕೊನೆಗಾರರಿಗೆ ಫೋನ್ ಮಾಡಲು ಅದಕ್ಕಿಂತ ಒಳ್ಳೆಯ ಆಧಾರ ಬೇರೆ ಸಿಗುವುದಿಲ್ಲ.

ಮುನ್ಸೂಚನೆಗಿಂತ ಬಿದ್ದ ಮಳೆಯ ಲೆಕ್ಕವನ್ನು ಹೆಚ್ಚು ನೆಚ್ಚಲು ಕಾರಣ ಮೋಡದ ಸ್ವಭಾವದಲ್ಲಿದೆ. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದ ಆವಿ ಹನಿಯಾಗಿ ಗಾಳಿಗೆ ಎದುರಾದ ಇಳಿಜಾರಿನಲ್ಲೂ ಅಂಚಿನಲ್ಲೂ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರಿದರೆ, ನೂರು ಕಿಲೋಮೀಟರ್ ಒಳಗೇ ಇರುವ ಶಿವಮೊಗ್ಗ ನಗರದಲ್ಲಿ ಅದು ಸಾವಿರದ ಆಸುಪಾಸು. ಇಷ್ಟು ಕಡಿಮೆ ದೂರದಲ್ಲೇ ಇಷ್ಟೊಂದು ತಗ್ಗುವ ಮಳೆಗೆ ಒಂದು ಹೋಬಳಿಗೆ ಒಂದೇ ಅಂಕಿ ಹೇಳಿದರೆ, ಅದು ಗುಡ್ಡದ ಪಶ್ಚಿಮ ಮಗ್ಗುಲಿನ ತೋಟಕ್ಕೂ ಪೂರ್ವ ಮಗ್ಗುಲಿನ ತೋಟಕ್ಕೂ ಸಮನಾಗಿ ಹೊಂದಲಾರದು. ಮುಂಗಾರಿನ ಜಡಿಮಳೆ ಹೆಚ್ಚುತ್ತದೆಯೋ ತಗ್ಗುತ್ತದೆಯೋ ಎಂಬುದನ್ನು ಎರಡು ಮೂರು ದಿನ ಮೊದಲೇ ಹೇಳಲು ಸಾಧ್ಯ. ಕರಾವಳಿಗುಂಟ ಸಮುದ್ರದ ಮೇಲೆ ಕಡಿಮೆ ಒತ್ತಡದ ಪಟ್ಟಿ ಬಲಗೊಂಡಿದೆಯೇ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆಯೇ ಎಂಬುದು ಉಪಗ್ರಹ ಚಿತ್ರಗಳಲ್ಲೂ ಗಾಳಿಯ ನಕ್ಷೆಗಳಲ್ಲೂ ಕಾಣುತ್ತದೆ. ನಾಳೆ ಹತ್ತು ಗಂಟೆಗೆ ಹೊಳವಾಗಿ ಮಧ್ಯಾಹ್ನದವರೆಗೆ ನಿಲ್ಲುತ್ತದೆ ಎನ್ನುವಷ್ಟು ಸೂಕ್ಷ್ಮ ಮಾತನ್ನು ಮಾತ್ರ ಯಾವ ಸೇವೆಯಿಂದಲೂ ನಿರೀಕ್ಷಿಸುವಂತಿಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ವಿಷಯವೇ ಬೇರೆ. ಬೆಳಗಿನ ಬಿಸಿಲಿಗೆ ಕಾದ ನೆಲದಿಂದ ಮೇಲೆದ್ದು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆಯುವ ರಾಶಿಮೋಡ ಒಂದು ಊರನ್ನು ತೋಯಿಸಿ ಪಕ್ಕದ ಊರನ್ನು ಒಣಗಿಸಿಟ್ಟು ಗಂಟೆಯೊಳಗೆ ಕರಗಿಹೋಗುತ್ತದೆ. ಆ ದಿನಗಳಲ್ಲಿ ಹಿಂದಿನ ದಿನದ ಮುನ್ಸೂಚನೆಗಿಂತ ಮುಂದಿನ ಮೂರು ಗಂಟೆಯ ಎಚ್ಚರಿಕೆಗೆ ಬೆಲೆ ಹೆಚ್ಚು. ಸಿಡಿಲಿಗಾಗಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಪ್ರತ್ಯೇಕವಾಗಿಯೇ ಇದೆ. ತೋಟದಲ್ಲಿ ಆಳು ಇಳಿಸುವವರ ಫೋನಿನಲ್ಲಿ ಅದು ಇರಲೇಬೇಕು. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಮಂಗಳವಾರ ಮತ್ತು ಶುಕ್ರವಾರ ಕೊಡುವ ಕೃಷಿ ಸಲಹೆ ಉಪಯುಕ್ತವಾದರೂ ನಮ್ಮ ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಅದು ತೀರಾ ವಿಶಾಲ: ಶಿಕಾರಿಪುರದ ಜೋಳಕ್ಕೂ ಹುಲಿಕಲ್ಲಿನ ಅಡಿಕೆಗೂ ಮಳೆಯ ಲೆಕ್ಕ ಒಂದೇ ಅಲ್ಲ.

ಸಹಾಯವಾಣಿ ಸುಧಾರಿಸಬಹುದಾದ ಒಂದು ಅಂಶವಿದೆ. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ ಮಳೆ. ದಿನದ ಲೆಕ್ಕ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಗೆ. ಆಗುಂಬೆಯ ಜುಲೈನಲ್ಲಿ 64.5 ದಿನನಿತ್ಯದ ಮಾತು, ಶಿಕಾರಿಪುರದಲ್ಲಿ ಅದು ಕೆರೆಕೋಡಿ ಬೀಳಿಸುವ ಮಳೆ. ಆದ್ದರಿಂದ ‘ಭಾರೀ’ ಎಂದಷ್ಟೇ ಹೇಳದೆ ಮಿಲಿಮೀಟರಿನ ಅಂದಾಜನ್ನೂ, ಮಳೆ ಹಗಲಿಗೋ ರಾತ್ರಿಗೋ ಹೆಚ್ಚು ಎಂಬುದನ್ನೂ ಕೇಳದೆಯೇ ಹೇಳುವಂತಾಗಬೇಕು. ಸದ್ಯಕ್ಕೆ ಕರೆ ಮಾಡುವವರೇ ಇವೆರಡನ್ನೂ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕೊಯ್ಲಿನ ಕಾಲಕ್ಕೆ ಈ ಸೇವೆ ಇನ್ನೂ ಹೆಚ್ಚು ನಂಬಿಕೆಗೆ ಅರ್ಹ. ನವೆಂಬರಿನಲ್ಲಿ ಬೇಯಿಸಿದ ಅಡಿಕೆ ಅಟ್ಟದ ಮೇಲಿರುವಾಗ ಬರುವ ಅಕಾಲಿಕ ಮಳೆ ಹೆಚ್ಚಾಗಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ್ದು, ಅದರ ಜಾಡು ಮೂರು ನಾಲ್ಕು ದಿನ ಮೊದಲೇ ಗೊತ್ತಾಗುತ್ತದೆ. ಕೊನೆ (ಅಡಿಕೆ ಗೊನೆ) ತೆಗೆಸುವ ಮೊದಲು ಒಂದು ಕರೆ ಮಾಡಿದರೆ ಸುಲಿದು ಬೇಯಿಸಿದ ಅಡಿಕೆ ಬಿಸಿಲಿಲ್ಲದೆ ಬೂಸಲು ಹಿಡಿಯುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು.