ಶನಿವಾರವಾಡೆಯಿಂದ ಲಕಡಿ ಪೂಲ್‌ವರೆಗೆ: ಪುಣೆಯ ಒಂದು ಬೆಳಗಿನ ನಡಿಗೆ

ಪುಣೆಯ ಹಳೆಯ ಪೇಟೆಗಳಲ್ಲಿ ಕೊಲೆ, ದುರಂತಗಳು ನಡೆದ ಜಾಗಗಳನ್ನು ತೋರಿಸುವ ಮಾರ್ಗದರ್ಶಿ ನಡಿಗೆಯೊಂದಕ್ಕೆ ಕಳೆದ ಭಾನುವಾರ, ಧಾರವಾಡದಿಂದ ಬಂದಿದ್ದ ನಮ್ಮ ಮಾವನವರೊಂದಿಗೆ ಹೋಗಿದ್ದೆ. ಮೂರು ಗಂಟೆಯ ನಡಿಗೆ. ತಲೆಗೆ 600 ರೂಪಾಯಿ. ವಿವರಣೆ ಮರಾಠಿ ಮತ್ತು ಹಿಂದಿಯಲ್ಲಿ.

ಆರಂಭ ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆಯಲ್ಲಿ. 1773ರ ಆಗಸ್ಟ್ 30ರಂದು, ಗಣೇಶೋತ್ಸವದ ದಿನಗಳಲ್ಲಿ, ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾಯನನ್ನು ಗಾರ್ದಿಗಳೆಂಬ ಬಾಡಿಗೆ ಕಾವಲು ಸಿಪಾಯಿಗಳು ಕೊಂದದ್ದು ಇಲ್ಲಿಯೇ. ಚಿಕ್ಕಪ್ಪ ರಘುನಾಥರಾಯ ಗಾರ್ದಿಗಳಿಗೆ ಬರೆದ ಪತ್ರದಲ್ಲಿದ್ದ, 'ಹಿಡಿಯಿರಿ' ಎಂಬ ಅರ್ಥದ 'ಧರಾವೆ'ಯನ್ನು 'ಕೊಲ್ಲಿರಿ' ಎಂಬ ಅರ್ಥದ 'ಮಾರಾವೆ' ಎಂದು ಚಿಕ್ಕಮ್ಮ ಆನಂದೀಬಾಯಿ ತಿದ್ದಿದಳೆಂಬುದು ಜನಜನಿತ ಕಥೆ. ಮಾರ್ಗದರ್ಶಿ ಅದನ್ನು ಕಥೆಯೆಂದೇ ಹೇಳಿ, ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು ಚಿಕ್ಕಪ್ಪ ರಘುನಾಥರಾಯನನ್ನು ತಪ್ಪಿತಸ್ಥನೆಂದು ಕಂಡು, ದೇಹಾಂತವೇ ಇದಕ್ಕೆ ಪ್ರಾಯಶ್ಚಿತ್ತವೆಂದು ಹೇಳಿದ ಪ್ರಸಂಗವನ್ನು ವಿಸ್ತಾರವಾಗಿ ವಿವರಿಸಿದರು. 'ಕಾಕಾ, ಮಲಾ ವಾಚವಾ' (ಕಾಕಾ, ನನ್ನನ್ನು ಉಳಿಸಿ) ಎಂಬ ನಾರಾಯಣರಾಯನ ಕೂಗಿನ ಮಾತು ಬಂದಾಗ ಮಾವನವರಿಗೆ ಅನುವಾದ ಬೇಕಾಗಲಿಲ್ಲ. ನಮ್ಮ ಕಡೆಯೂ ಅಪ್ಪನ ತಮ್ಮ ಕಾಕಾನೇ. ಅವರು ಬಹಳ ಹೊತ್ತು ಮಾತಾಡದೆ, ಶವವನ್ನು ಹೊರಗೊಯ್ದರೆಂದು ಹೇಳುವ ನಾರಾಯಣ ದರವಾಜೆಯನ್ನೇ ನೋಡುತ್ತ ನಿಂತರು.

ಆ ಹೊತ್ತಿಗೇ ಗುಂಪಿನ ಇಬ್ಬರು ಹುಡುಗರು ಅಮಾವಾಸ್ಯೆಯ ರಾತ್ರಿ ಕೇಳುವುದೆಂಬ ಆ ಕೂಗನ್ನು ಅನುಕರಿಸಿದರು. ಮಾರ್ಗದರ್ಶಿ ತಡೆಯಬೇಕಿತ್ತು, ಬದಲಿಗೆ ಹದಿನೈದು ನಿಮಿಷ ದೆವ್ವದ ಮಾತೇ ನಡೆಯಿತು. ಕೊಲೆಯಾದ ಹುಡುಗನನ್ನು ಭೂತ ಮಾಡಿಬಿಟ್ಟರೆ, ಅಧಿಕಾರಕ್ಕಾಗಿ ಮನೆಯವರೇ ಮಾಡಿಸಿದ್ದೆಂಬ ಸಂಗತಿ ಮರೆಗೆ ಸರಿಯುತ್ತದೆ ಎಂಬುದು ನನ್ನ ಗಟ್ಟಿ ಆಕ್ಷೇಪ, ಮತ್ತು ಇದನ್ನು ಸಂಸ್ಥೆಯವರಿಗೂ ಬರೆದಿದ್ದೇನೆ.

ಆದರೆ ನದಿಯ ಕಡೆ ಇಳಿದ ಮೇಲೆ ಕಂಡದ್ದು ಕೊಟ್ಟ ಹಣಕ್ಕೆ ಮೀರಿದ್ದು. 1961ರ ಜುಲೈ 12ರ ಬೆಳಿಗ್ಗೆ, ಮೊದಲ ಸಲ ನೀರು ತುಂಬುತ್ತಿದ್ದ ಪಾನಶೇತ್‌ನ ಮಣ್ಣಿನ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾ ಕಟ್ಟೆಯೂ ಒಡೆದು, ಮುಠಾ ನದಿ ಪೇಟೆಗಳೊಳಗೆ ನುಗ್ಗಿತು. ಉಕ್ಕಿನ ಕೊರತೆಯಿಂದ ಕಬ್ಬಿಣದ ಸರಳಿಲ್ಲದೆ ಅಣೆಕಟ್ಟಿನಡಿ ಕಟ್ಟಿದ ನೀರು ಬಿಡುವ ಕಾಲುವೆ, ಕಾಮಗಾರಿ ಮುಗಿಯುವ ಮೊದಲೇ ನೀರು ನಿಲ್ಲಿಸಿದ ಆತುರ, ಹಿಂದಿನ ರಾತ್ರಿಯೆಲ್ಲ ಮರಳು ಮೂಟೆ ಹೊತ್ತ ಸೇನೆಯ ಜವಾನರು, ಇವೆಲ್ಲವನ್ನೂ ಮಾರ್ಗದರ್ಶಿ ಒಂದರಿಂದೊಂದು ಹುಟ್ಟಿದಂತೆ ವಿವರಿಸಿದರು. ಓಂಕಾರೇಶ್ವರ ದೇವಾಲಯದ ಬಳಿ ಅವರು ಅಂದಿನ ಫೋಟೋ ಒಂದನ್ನು ಕಣ್ಣ ಮುಂದೆ ಚಾಚಿ ಹಿಡಿದಾಗ, ಎದುರಿಗಿರುವ ಗೋಡೆಯ ಎಷ್ಟು ಭಾಗ ನೀರಿನಲ್ಲಿತ್ತೆಂದು ಅಳತೆ ಹಿಡಿದಂತೆ ತಿಳಿಯಿತು. ಅಲ್ಲೇ ಕುಳಿತಿದ್ದ, ನಾರಾಯಣ ಪೇಟೆಯ ಒಬ್ಬ ಅಜ್ಜಿ ತಾವಾಗಿಯೇ ಮಾತಿಗೆ ಸೇರಿ, ನೀರಿಳಿದ ಮೇಲೆ ತಮ್ಮ ಅಡುಗೆಮನೆಯಲ್ಲಿ ಉಳಿದಿದ್ದು ಕೆಸರಿನಲ್ಲಿ ಹೂತಿದ್ದ ಒರಳುಕಲ್ಲು ಮಾತ್ರ ಎಂದರು. ಯಾವ ಮಾರ್ಗದರ್ಶಿಯೂ ಅಷ್ಟು ಹೇಳಲಾರ. ಊರಿಗೆ ನೀರುಣಿಸುವ ಕೆರೆಯೇ ಬರಿದಾಗಿದ್ದರಿಂದ, ಪ್ರವಾಹ ಇಳಿದ ಮರುದಿನದಿಂದ ಕುಡಿಯುವ ನೀರಿಗೂ ಪರದಾಟವಾಯಿತು. ಸಂತ್ರಸ್ತರಿಗಾಗಿ ಕಟ್ಟಿದ ಸಹಕಾರನಗರದಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದೆ; ಆ ಬಡಾವಣೆ ಹುಟ್ಟಿದ ಕಾರಣ ನನಗೆ ತಿಳಿದದ್ದು ಈ ನದಿ ಘಾಟಿನಲ್ಲಿ.

ಗಣೇಶಖಿಂಡ್ ರಸ್ತೆಯಲ್ಲಿ, ಬ್ರಿಟಿಷ್ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನನ್ನು 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡಿಟ್ಟ ಜಾಗಕ್ಕೆ ಕೊನೆಯಲ್ಲಿ ರಿಕ್ಷಾದಲ್ಲಿ ಒಯ್ದು ಹತ್ತು ನಿಮಿಷದಲ್ಲಿ ಮುಗಿಸಿದರು. ಇದನ್ನು ಬಿಟ್ಟು ಆ ಸಮಯವನ್ನೂ ಮುಠಾ ನದಿಯ ಹಳೆಯ ಸೇತುವೆಯಾದ ಲಕಡಿ ಪೂಲ್‌ಗೇ ಕೊಟ್ಟಿದ್ದರೆ ಚೆನ್ನಾಗಿತ್ತು. ಪ್ಲೇಗ್ ಕಾಲದ ಮನೆ ಶೋಧದ ಹಿನ್ನೆಲೆ ಹೇಳದೆ ಆ ಕೊಲೆ ಅರ್ಥವಾಗುವುದಿಲ್ಲ.

ಹಿರಿಯರನ್ನು ಕರೆದೊಯ್ಯುವವರು ಘಾಟಿನ ಮೆಟ್ಟಿಲುಗಳನ್ನು ಗಮನದಲ್ಲಿಡಬೇಕು. ಮಾವನವರಿಗೆ ಕೈ ಹಿಡಿಯಬೇಕಾಯಿತು. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಬಾಬಾ ಭಿಡೆ ಸೇತುವೆ ಇಂದಿಗೂ ಮುಳುಗುತ್ತದೆ, ನದಿಪಾತ್ರದ ರಸ್ತೆಯನ್ನು ಮುಚ್ಚುತ್ತಾರೆ.