ಟ್ರೆಮೊಲೊ ಬ್ರಿಡ್ಜ್‌ಗೆ ಬೀಟೆಯ ತುಂಡು: ನಾಲ್ಕು ವರ್ಷಗಳ ಬಳಕೆಯ ನಂತರ

ನನ್ನ ಬಳಿ ಇರುವುದು ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರ್. ಫೆಂಡರ್ ಕಂಪನಿ 1954ರಲ್ಲಿ ಹೊರತಂದ ಮೂಲ ವಿನ್ಯಾಸದಂತೆಯೇ ಇದರ ಬ್ರಿಡ್ಜ್, ಅಂದರೆ ವೀಣೆಯವರು ಕುದುರೆ ಎನ್ನುವ ಭಾಗ, ಆರು ಸ್ಕ್ರೂಗಳ ಆಸರೆಯಲ್ಲಿ ಓಲಾಡುತ್ತದೆ. ಅದಕ್ಕೆ ಸಿಕ್ಕಿಸಿದ ಬಾರ್, ಅಂದರೆ ಸರಳನ್ನು ಒತ್ತಿ ಸ್ವರವನ್ನು ಅಲುಗಿಸಲೆಂದೇ ಈ ಟ್ರೆಮೊಲೊ ಏರ್ಪಾಡು. ಮೇಲಿನಿಂದ ತಂತಿಗಳು ಎಳೆದರೆ, ಹಿಂಬದಿಯ ಗೂಡಿನಲ್ಲಿರುವ ಸ್ಪ್ರಿಂಗ್‌ಗಳು ಅದಕ್ಕೆ ಎದುರಾಗಿ ಹಿಡಿದಿಡುತ್ತವೆ. 10–46 ಅಳತೆಯ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ವ್ಯಾಸ, ಇಂಚಿನ ಸಾವಿರದ ಭಾಗಗಳಲ್ಲಿ) ತಂತಿಗಳ ಒಟ್ಟು ಎಳೆತ ಸುಮಾರು 46 ಕಿಲೋ. ಈ ಹಗ್ಗಜಗ್ಗಾಟ ಸಮವಾಗಿರುವವರೆಗೆ ಮಾತ್ರ ಶ್ರುತಿ ನಿಲ್ಲುತ್ತದೆ.

ನಾನು ಹೆಚ್ಚಾಗಿ ನುಡಿಸುವುದು ಕರ್ನಾಟಕ ಸಂಗೀತವಾದ್ದರಿಂದ ಈ ಏರ್ಪಾಡು ಬಹಳ ಕಾಡಿತು. ತೋಡಿಯ ಗಾಂಧಾರಕ್ಕಾಗಿ ಒಂದು ತಂತಿಯನ್ನು ಪಕ್ಕಕ್ಕೆ ಎಳೆದರೆ ಬ್ರಿಡ್ಜ್ ಕೂದಲೆಳೆಯಷ್ಟು ಮೇಲೇಳುತ್ತದೆ, ಉಳಿದ ಐದೂ ತಂತಿಗಳು ಸಡಿಲಗೊಳ್ಳುತ್ತವೆ. ಗಮಕದ ನಡುವೆ ಮೀಟಿದ ಷಡ್ಜವೇ ಇಳಿದುಬಿಟ್ಟರೆ ರಾಗ ನಿಲ್ಲುವುದಾದರೂ ಯಾವುದರ ಮೇಲೆ? ಒಂದು ತಂತಿ ತುಂಡಾದರಂತೂ ಉಳಿದವೆಲ್ಲ ಶ್ರುತಿ ಏರಿ ಕುಳಿತುಕೊಳ್ಳುತ್ತಿದ್ದವು.

ಪರಿಹಾರ ಹೊಸದೇನಲ್ಲ, ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಅವರ ಗಿಟಾರಿನಲ್ಲೂ ಮರದ ತುಂಡಿನಿಂದಲೇ ಬ್ರಿಡ್ಜ್ ಬಿಗಿದಿರುತ್ತದೆ. ತಂತಿಗಳನ್ನು ಸಡಿಲಿಸಿ, ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಬ್ರಿಡ್ಜ್ ಮೈಮರಕ್ಕೆ ಪೂರ್ತಿ ತಾಗಿ ಕೂರುವವರೆಗೆ ಸ್ಪ್ರಿಂಗ್‌ಗಳ ಕೊಂಡಿಯನ್ನು ಬಿಗಿದೆ. ಆಗ ಬ್ರಿಡ್ಜ್‌ನಿಂದ ಕೆಳಗೆ ಇಳಿಬಿದ್ದಿರುವ ಲೋಹದ ಬ್ಲಾಕ್‌ಗೂ ಗಿಟಾರಿನ ಬುಡದ ಕಡೆಯ ಗೋಡೆಗೂ ನಡುವೆ ಉಳಿಯುವ ಸಂದನ್ನು ಅಳೆದು, ಅಷ್ಟೇ ದಪ್ಪದ ಮರ ಕೂರಿಸಬೇಕು. ಮೊದಲು ಪ್ಯಾಕಿಂಗ್ ಪೆಟ್ಟಿಗೆಯ ಮೆದು ಮರ ಇಟ್ಟಿದ್ದೆ. ಎರಡೇ ತಿಂಗಳಲ್ಲಿ ಬ್ಲಾಕಿನ ಅಂಚು ಅದರಲ್ಲಿ ಉಗುರು ಒತ್ತಿದಂಥ ಗೆರೆ ಮೂಡಿಸಿತ್ತು, ಬ್ರಿಡ್ಜ್ ಮತ್ತೆ ಅಲುಗತೊಡಗಿತ್ತು. ಆಮೇಲೆ ಬಡಗಿಯೊಬ್ಬರಿಂದ ಬೀಟೆಯ ತುಂಡೊಂದನ್ನು ಪಡೆದು, ಮರಳು ಕಾಗದದಲ್ಲಿ ತಿಕ್ಕಿ ತಿಕ್ಕಿ, ಬೆರಳಿನಿಂದ ಒತ್ತಿದರೆ ಕೂರುವಷ್ಟು ಬಿಗಿಗೆ ತಂದೆ. ಎರಡೂ ಮುಖ ಸಮಾಂತರವಾಗಿರುವುದು ಬಹಳ ಮುಖ್ಯ. ಓರೆಯಾಗಿದ್ದರೆ ಬ್ಲಾಕ್ ಒಂದೇ ಮೂಲೆಯಲ್ಲಿ ತಾಗುತ್ತದೆ.

ಇನ್ನು ಕೆಲಸವಿಲ್ಲವೆಂದು ಸ್ಪ್ರಿಂಗ್‌ಗಳನ್ನೆಲ್ಲ ಬಿಚ್ಚಿದ್ದು ನಾನು ಮಾಡಿದ ತಪ್ಪು. ಆಂಪ್ಲಿಫೈಯರ್ ಹಾಕಿದೊಡನೆ ಗುಂಯ್ ಎಂಬ ಸದ್ದು ಶುರುವಾಯಿತು, ತಂತಿಯ ಮೇಲೆ ಕೈ ಇಟ್ಟರೂ ಅದು ಕಡಿಮೆಯಾಗಲಿಲ್ಲ. ಅರ್ತಿಂಗ್ ವೈರ್ ಬೆಸುಗೆಯಾಗಿರುವುದು ಸ್ಪ್ರಿಂಗ್‌ಗಳ ಆ ಕೊಂಡಿಗೇ. ಅಲ್ಲಿಂದ ತಂತಿಗಳಿಗೆ ಅರ್ತಿಂಗ್ ತಲುಪುವುದು ಸ್ಪ್ರಿಂಗ್‌ಗಳ ಮೂಲಕವೇ. ಮೂರು ಸ್ಪ್ರಿಂಗ್ ಮತ್ತೆ ಹಾಕಿದ ಮೇಲೆ ಸದ್ದು ಅಡಗಿತು. ಬ್ರಿಡ್ಜ್ ಕೆಳಗಿಳಿದುದರಿಂದ ತಂತಿಗಳು ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳಾದ ಫ್ರೆಟ್‌ಗಳಿಗೆ ತಾಗಿ ಜಿರ್ರೆನ್ನುತ್ತಿದ್ದವು. ಬ್ರಿಡ್ಜ್ ಮೇಲೆ ಒಂದೊಂದು ತಂತಿಗೂ ಆಸರೆಯಾಗಿರುವ ಸ್ಯಾಡಲ್‌ಗಳನ್ನು ಎತ್ತರಿಸಿ, 12ನೇ ಫ್ರೆಟ್ಟಿನ ಸ್ವರ ಅಲ್ಲಿ ತಂತಿಯನ್ನು ಒತ್ತದೆ ಬರಿದೇ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕ್‌ಗೆ ಹೊಂದುವಂತೆ ಪ್ರತಿಯೊಂದನ್ನೂ ಹಿಂದೆ ಮುಂದೆ ಸರಿಸಬೇಕಾಯಿತು. ಅದಕ್ಕೆ ಒಂದು ಇಡೀ ಸಂಜೆ ಹಿಡಿಯಿತು.

ನಾಲ್ಕು ಮಳೆಗಾಲ ಕಳೆದರೂ ತುಂಡು ಕದಲಿಲ್ಲ. ದಪ್ಪ ತಂತಿಯೊಂದನ್ನೇ ಇಳಿಸಿದರೂ ಉಳಿದವು ತಮ್ಮ ಸ್ಥಾನದಲ್ಲೇ ಇರುತ್ತವೆ. ಕಛೇರಿಯೊಂದರ ನಡುವೆ ತಂತಿ ತುಂಡಾದಾಗ ಮಿಕ್ಕ ಐದರಲ್ಲೇ ಕೃತಿಯನ್ನು ಮುಗಿಸಿದ್ದೇನೆ. ಗಮಕಕ್ಕೆ ಮೊದಲಿಗಿಂತ ಕಡಿಮೆ ಎಳೆತ ಸಾಕಾಗುತ್ತದೆ ಎಂಬುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಹಲವರು ಹೇಳುವ ಮಾತನ್ನು ಮಾತ್ರ ನಾನು ಒತ್ತಿ ಹೇಳಲಾರೆ. ನನ್ನ ಕಿವಿಗೆ ಆ ವ್ಯತ್ಯಾಸ ಅತ್ಯಲ್ಪ.

ಬಾರ್ ಒತ್ತಿ ಸ್ವರವನ್ನು ಅಲುಗಿಸುವ ಶೈಲಿಯವರಿಗೆ ಇದು ಬೇಡ. ನಾನು ಗೋಂದು ಹಾಕಿಲ್ಲ, ಮರ ಕೊರೆದಿಲ್ಲ. ಬೇಕೆನಿಸಿದ ದಿನ ತುಂಡನ್ನು ಹೊರತೆಗೆದು ಕೊಂಡಿ ಸಡಿಲಿಸಿದರೆ ಬ್ರಿಡ್ಜ್ ಮತ್ತೆ ಓಲಾಡುತ್ತದೆ.